ಗಡಿ ಬದಲಿಸುವ ಹಕ್ಕು: ಎಚ್‌ಪಿ-ಯುಎಕ್ಸ್ ವಿಪಾರ್ಸ್ ಕಮಾಂಡುಗಳ ಚರಿತ್ರೆ

ಒಂದೇ ಯುನಿಕ್ಸ್ ಸರ್ವರನ್ನು ಹಲವು ಪಾರ್ಟಿಷನ್‌ಗಳಾಗಿ ಒಡೆದು ನಡೆಸುವ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರೊಸೆಸರ್‌ಗಳ ಕತೆಯಾಗಿ ಹೇಳುತ್ತಾರೆ. ಸಿಸ್ಟಂ ಅಡ್ಮಿನ್ ಟೈಪ್ ಮಾಡುತ್ತಿದ್ದ ಕಮಾಂಡುಗಳನ್ನೇ ಆಕರವಾಗಿ ಹಿಡಿದರೆ ಬೇರೆಯದೇ ಪ್ರಶ್ನೆ ಏಳುತ್ತದೆ: ಪಾರ್ಟಿಷನ್ನಿನ ಗಡಿಯನ್ನು ಬದಲಿಸುವ ಹಕ್ಕು ಯಾರ ಕೈಯಲ್ಲಿತ್ತು? ಎಚ್‌ಪಿ-ಯುಎಕ್ಸ್‌ನ ವಿಪಾರ್ಸ್ ಎಂಬ ಪಾರ್ಟಿಷನ್ ತಂತ್ರಾಂಶ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಎರಡು ಸಲ ಬದಲಿಸಿತು. ಮೊದಲನೆಯ ಬದಲಾವಣೆಗೆ ಯಂತ್ರಾಂಶ ಕಾರಣವಲ್ಲ, ಆಡಳಿತದ ಅಗತ್ಯ ಕಾರಣ ಎಂಬುದು ಇಲ್ಲಿನ ವಾದ.

2001ರಲ್ಲಿ ಎಚ್‌ಪಿ 9000 ಸರ್ವರ್‌ಗಳಿಗೆ ಬಂದ ವಿಪಾರ್ಸ್‌ನಲ್ಲಿ ಪಾರ್ಟಿಷನ್ ಸೃಷ್ಟಿಸಲು ವಿಪಾರ್‌ಕ್ರಿಯೇಟ್, ಸಿಪಿಯು-ಮೆಮೊರಿ ಹಂಚಿಕೆ ಬದಲಿಸಲು ವಿಪಾರ್‌ಮಾಡಿಫೈ, ಚಾಲೂ ಮಾಡಲು ವಿಪಾರ್‌ಬೂಟ್, ಸ್ಥಿತಿ ನೋಡಲು ವಿಪಾರ್‌ಸ್ಟೇಟಸ್ ಇದ್ದವು. ಯಂತ್ರ ಬೂಟ್ ಆಗುವಾಗ ಕರ್ನೆಲ್‌ಗಿಂತ ಮೊದಲು ವಿಪಿಮಾನ್ ಎಂಬ ಮಾನಿಟರ್ ಲೋಡ್ ಆಗಿ ಪ್ರತಿ ಪಾರ್ಟಿಷನ್ನಿಗೂ ಅದರ ಪಾಲನ್ನು ಒಪ್ಪಿಸುತ್ತಿತ್ತು. ಹಂಚಿಕೆಯ ದಾಖಲೆಯಾದ ವಿಪಿಡಿಬಿ ಕಡತದ ಪ್ರತಿ ಎಲ್ಲ ಪಾರ್ಟಿಷನ್‌ಗಳ ಬೂಟ್ ಡಿಸ್ಕಿನಲ್ಲೂ ಇರುತ್ತಿತ್ತು. ಅವು ಒಂದಕ್ಕೊಂದು ತಾಳೆಯಾಗುವಂತೆ ನೋಡಿಕೊಳ್ಳಲು ವಿಪಾರ್‌ಡಿ ಎಂಬ ಡೀಮನ್ ಹಿನ್ನೆಲೆಯಲ್ಲಿ ಓಡುತ್ತಿತ್ತು. ಅಂದರೆ ಯಜಮಾನನಿಲ್ಲದ ವ್ಯವಸ್ಥೆ. ಪರೀಕ್ಷೆಗೆಂದು ಬಿಟ್ಟುಕೊಟ್ಟ ಪಾರ್ಟಿಷನ್ನಿನ ರೂಟ್ ಬಳಕೆದಾರನೂ ವಿಪಾರ್‌ರಿಸೆಟ್ ಕೊಟ್ಟು ಪಕ್ಕದ ಪ್ರೊಡಕ್ಷನ್ ಪಾರ್ಟಿಷನ್ನನ್ನು ಕೆಡವಬಹುದಿತ್ತು. ಅದೇ ಕಾಲದ ಉಳಿದವರು ಹೀಗೆ ಮಾಡಿರಲಿಲ್ಲ. 2000ದ ಫ್ರೀಬಿಎಸ್‌ಡಿ 4.0 ತಂದ ಜೈಲ್‌ನೊಳಗಿನ ರೂಟ್‌ಗೆ ಹೊರಗಿನದನ್ನು ಮುಟ್ಟುವ ಹಕ್ಕಿರಲಿಲ್ಲ. ಐಬಿಎಂನ ಪಿ690 (2001) ಪಾರ್ಟಿಷನ್‌ಗಳ ಹಂಚಿಕೆ ಎಚ್‌ಎಂಸಿ ಎಂಬ ಪ್ರತ್ಯೇಕ ಯಂತ್ರದಿಂದ ನಡೆಯುತ್ತಿತ್ತು. 2005ರ ಸೊಲಾರಿಸ್ 10ರಲ್ಲಿ ಝೋನ್‌ಸಿಎಫ್‌ಜಿ, ಝೋನ್‌ಅಡ್ಮ್ ಕಮಾಂಡುಗಳ ಅಧಿಕಾರ ಗ್ಲೋಬಲ್ ಝೋನಿಗಷ್ಟೇ ಸೀಮಿತವಾಗಿತ್ತು.

ವಿಪಾರ್ಸ್‌ನ ಈ ವ್ಯವಸ್ಥೆಯನ್ನು ದೋಷವೆಂದರೆ ಬರುವ ಮೊದಲ ಆಕ್ಷೇಪ ತೂಕದ್ದೇ. ಯಾವ ಪಾರ್ಟಿಷನ್ ಬಿದ್ದರೂ ಇನ್ನೊಂದರಿಂದ ಅದನ್ನು ಎಬ್ಬಿಸಬಹುದಾದ್ದರಿಂದ ಈ ಸಮಾನತೆ ಉದ್ದೇಶಪೂರ್ವಕ ಗುಣ, ದೋಷವಲ್ಲ ಎನ್ನಬಹುದು. ಗುಣವೆಂಬುದು ನಿಜ, ಆದರೆ ಅದನ್ನು ಪಡೆಯಲು ಎಲ್ಲರಿಗೂ ಎಲ್ಲರ ಮೇಲೆ ಅಧಿಕಾರ ಕೊಡಬೇಕಿರಲಿಲ್ಲ, ನಂಬಿಕಸ್ಥರಾದ ಎರಡು ಪಾರ್ಟಿಷನ್‌ಗಳಿಗೆ ಕೊಟ್ಟಿದ್ದರೆ ಸಾಕಿತ್ತು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ವಿಪಿಮಾನ್ ಒಂದು ಪೂರ್ಣ ಆಪರೇಟಿಂಗ್ ಸಿಸ್ಟಂ ಅಲ್ಲ, ಕಮಾಂಡುಗಳು ನೆಲೆಸಲು ಪಾರ್ಟಿಷನ್‌ಗಳ ಹೊರಗೆ ತಾವೇ ಇರಲಿಲ್ಲ, ಹೀಗಾಗಿ ವಿನ್ಯಾಸಕಾರರಿಗೆ ಬೇರೆ ದಾರಿ ಇರಲಿಲ್ಲ. ಇದು ಕಮಾಂಡುಗಳು ಎಲ್ಲಿದ್ದವು ಎಂಬುದನ್ನು ವಿವರಿಸುತ್ತದೆ, ಯಾರಿಗೆ ಅಧಿಕಾರ ಎಂಬುದನ್ನಲ್ಲ. ಪುರಾವೆ ವಿಪಾರ್ಸ್‌ನಲ್ಲೇ ಇದೆ. ಮುಂದಿನ ಆವೃತ್ತಿಗಳು ವಿಪಿಮಾನ್ ವಿನ್ಯಾಸವನ್ನು ಬಿಡದೆಯೇ ವಿಪಾರ್‌ಅಡ್ಮಿನ್ ಎಂಬ ಕಮಾಂಡನ್ನು ಸೇರಿಸಿದವು. ಅದನ್ನು ಜಾರಿಗೊಳಿಸಿದ ಮೇಲೆ, ಆಡಳಿತಕ್ಕೆಂದು ಗುರುತಿಸಿದ ಪಾರ್ಟಿಷನ್‌ಗಳು ಮಾತ್ರ ಇತರರ ಪಾಲಿಗೆ ಕೈಹಾಕಬಹುದಿತ್ತು. ಆ ಗುರುತನ್ನು ಬದಲಿಸಲು ಪಾಸ್‌ವರ್ಡ್ ಬೇಕಿತ್ತು. ಈ ನಿರ್ಬಂಧಕ್ಕೆ ಹೊಸ ಯಂತ್ರಾಂಶವೇನೂ ಬೇಕಾಗಲಿಲ್ಲ.

2011ರ 6ನೇ ಆವೃತ್ತಿಯಲ್ಲಿ ವಿಪಿಮಾನ್ ಹೋಗಿ, ಇಂಟೆಗ್ರಿಟಿ ವಿಎಂ ಎಂಬ ವರ್ಚುವಲ್ ಯಂತ್ರ ತಂತ್ರಾಂಶದ ತಳಹದಿಯ ಮೇಲೆ ವಿಎಸ್‌ಪಿ ಎಂಬ ಆತಿಥೇಯ ವ್ಯವಸ್ಥೆ ಬಂತು. ಈ ಸಲದ ತಿರುವಿಗೆ ಇಟೇನಿಯಂ ಪ್ರೊಸೆಸರಿನ ನೆರವು ಇತ್ತೆಂಬುದನ್ನು ಒಪ್ಪಲೇಬೇಕು. ವಿಪಾರ್‌ಕ್ರಿಯೇಟ್, ವಿಪಾರ್‌ಮಾಡಿಫೈ ಎಂಬ ಹೆಸರುಗಳು ಹಾಗೆಯೇ ಉಳಿದವು; ಆದರೆ ಗಡಿ ಬದಲಿಸುವ ಅಧಿಕಾರ ಪಾರ್ಟಿಷನ್‌ಗಳ ಕೈಬಿಟ್ಟು ವಿಎಸ್‌ಪಿಗೆ ಸೇರಿತು.