ದಾಸೋಹಂ: ಉದುರಿದ ಒಂದು ಸೊನ್ನೆಯ ವಿಚಾರ

ಶರಣರು ದಾನಕ್ಕೆ ಇಟ್ಟ ಇನ್ನೊಂದು ಹೆಸರೇ ದಾಸೋಹ ಎಂದು ಬರೆದು ಮುಂದೆ ಸಾಗುವ ರೂಢಿ ನಮ್ಮ ವಚನಾಧ್ಯಯನದಲ್ಲಿ ಬೇರೂರಿದೆ. ನನಗೆ ಪಾಠ ಹೇಳಿದ ಹಿರಿಯರೂ ಹೀಗೆಯೇ ಬರೆದರು. ಅವರ ಮೇಲಿನ ಗೌರವ ಹಾಗೇ ಇದೆ. ಈ ಒಂದು ಕಡೆ ಮಾತ್ರ ಅವರು ಪದವನ್ನು ಬಿಡಿಸಿ ನೋಡಲಿಲ್ಲ.

ಬಿಡಿಸಿದರೆ ಸಿಗುವುದು 'ದಾಸಃ ಅಹಂ', ನಾನು ದಾಸ. ಇದು ನಾಮಪದವಲ್ಲ, ಪೂರ್ಣ ವಾಕ್ಯ. ಕೊಡುವ ಕ್ರಿಯೆ ಇದರಲ್ಲಿಲ್ಲ, ಕೊಟ್ಟ ವಸ್ತುವಿಲ್ಲ, ಪಡೆದವನೂ ಇಲ್ಲ. ವಾಕ್ಯ ನಾಮಪದವಾದದ್ದು ಹೇಗೆ? ಕೊನೆಯ ಸೊನ್ನೆಯಿಂದ ಎಂಬುದು ನನ್ನ ವಾದ. ಹಳಗನ್ನಡದ 'ಮರಂ', 'ನೆಲಂ' ಮುಂತಾದವುಗಳ ಸೊನ್ನೆ ಪ್ರಥಮಾ ವಿಭಕ್ತಿಯ ಗುರುತು. ನಡುಗನ್ನಡದಲ್ಲಿ ಅದು ಉದುರಿ 'ಮರ', 'ನೆಲ' ಉಳಿದವು. 'ಅಹಂ'ನ ಸೊನ್ನೆ ಸಂಸ್ಕೃತ ಸರ್ವನಾಮದ್ದೇ ತುಣುಕು. ಕನ್ನಡದ ಕಿವಿ ಅದನ್ನೂ ತನ್ನ ಪ್ರತ್ಯಯವೆಂದೇ ಕೇಳಿಸಿಕೊಂಡು ಉದುರಿಸಿತು. 'ದಾಸೋಹವ', 'ದಾಸೋಹಕ್ಕೆ' ಎಂದು ಹೊಸ ವಿಭಕ್ತಿಗಳನ್ನು ಹಚ್ಚಿತು. (ಇದು ಲಿಪಿಕಾರರ ಕೈತಪ್ಪು ಎನ್ನುವವರು ಈ ರೂಪಗಳನ್ನೆಲ್ಲ ವಿವರಿಸಬೇಕಾಗುತ್ತದೆ, ಆ ಗೋಜಿಗೆ ಅವರು ಹೋಗುವುದಿಲ್ಲ.) ವಚನಗಳು ಯಾವುದರ ಎದುರು ಈ ಪದವನ್ನು ನಿಲ್ಲಿಸಿದವೋ ಆ 'ಸೋಹಂ' (ಅವನೇ ನಾನು) ಮಾತ್ರ ಸೊನ್ನೆಯನ್ನು ಬಹುಮಟ್ಟಿಗೆ ಬಿಟ್ಟುಕೊಡಲಿಲ್ಲ. ಅದು ಹೇಳುವ ಮಾತಾಗಿಯೇ ಉಳಿಯಿತು; ದಾಸೋಹ ಮಾಡುವ ಕೆಲಸವಾಯಿತು.

ಸೊನ್ನೆಯ ಜೊತೆಗೆ 'ನಾನು' ಮರೆತುಹೋದದ್ದರಿಂದಲೇ ದಾನದೊಂದಿಗಿನ ಗೊಂದಲ ಹುಟ್ಟಿತು. ಶರಣರ ಕಲ್ಯಾಣದಿಂದಲೇ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯರ ದಾನಶಾಸನಗಳನ್ನು ನೋಡಿ: ಧಾರೆಯ ನೀರು, ಕೊಟ್ಟವನ ಬಿರುದು, ಭೂಮಿಯ ಎಲ್ಲೆ, ಕೆಡಿಸಿದವನಿಗೆ ಶಾಪ. ಅಲ್ಲಿ ಕೊಟ್ಟವನು ಎತ್ತರದಲ್ಲಿರುತ್ತಾನೆ. ಅಚ್ಚಗನ್ನಡದ 'ಕೊಡಗೆ'ಯೂ ಬಿಟ್ಟಿಯದಲ್ಲ; ಹೋರಾಡಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ 'ನೆತ್ತರುಗೊಡಗೆ', ರಕ್ತದ ಲೆಕ್ಕ. ಇಂಗ್ಲಿಷಿನ 'ಗಿಫ್ಟ್' ಕೂಡ ಹಳೆಯ ಇಂಗ್ಲಿಷಿನಲ್ಲಿ ವಧುವಿಗಾಗಿ ತೆರುವ ಹಣ. ಜರ್ಮನ್ನಿನಲ್ಲಿ ಅದೇ ಪದಕ್ಕೆ ಇಂದು ವಿಷವೆಂದು ಅರ್ಥ. 'ಡೊನೇಷನ್' ಮಾತ್ರ ನಮ್ಮ 'ದಾನ'ದ ದಾಯಾದಿ, ಎರಡಕ್ಕೂ ಧಾತು ಒಂದೇ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ, ಕಲ್ಯಾಣದ ನೆರೆಯ ಹುಮನಾಬಾದ್ ಸೀಮೆಗೆ ಬಂದ 'ಇನಾಮು', 'ಖೈರಾತು'ಗಳಲ್ಲೂ ಕೊಡುವ ಕೈ ಮೇಲೆಯೇ.

ಶರಣರಲ್ಲೂ ಅನ್ನ ನೀಡುವುದನ್ನೇ ದಾಸೋಹ ಎಂದಿಲ್ಲವೇ ಎಂಬ ಆಕ್ಷೇಪ ಬರುತ್ತದೆ. ಅಂದಿದ್ದಾರೆ, ಒಪ್ಪುತ್ತೇನೆ. ಆದರೆ ತನು ಗುರುವಿಗೆ, ಮನ ಲಿಂಗಕ್ಕೆ, ಧನ ಜಂಗಮಕ್ಕೆ ಎಂಬ ಹಂಚಿಕೆಯಲ್ಲಿ ಅನ್ನ ಬರುವುದು ಮೂರನೆಯದರಲ್ಲಿ ಮಾತ್ರ. ಉಳಿದೆರಡನ್ನು 'ದಾನ' ಎನ್ನಲು ಯಾರಿಗೂ ನಾಲಿಗೆ ಬಾರದು.

ಇನ್ನೂ ಗಟ್ಟಿ ಸಾಕ್ಷಿ ಆಯ್ದಕ್ಕಿ ದಂಪತಿಗಳ ಕಥೆ. ನಮ್ಮವರು ಇದನ್ನು ಕಾಯಕದ ಅಧ್ಯಾಯಕ್ಕೆ ತಳ್ಳಿ ಕೈತೊಳೆದುಕೊಂಡಿದ್ದಾರೆ. ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಲಕ್ಕಮ್ಮ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರಲು ಹೇಳುತ್ತಾಳೆ. ದಾನಿಯ ಮನೆಯಲ್ಲಿ ಇಂಥ ಕಥೆ ಹುಟ್ಟಲಾರದು. ಅಕ್ಕಿ ಹೆಚ್ಚಾದರೆ ದಾನ ಹೆಚ್ಚುತ್ತದೆ, ಪುಣ್ಯವೂ ಹೆಚ್ಚುತ್ತದೆ. ಲಕ್ಕಮ್ಮನ ಲೆಕ್ಕದಲ್ಲಿ ಹೆಚ್ಚಾದ ಅಕ್ಕಿ ದಾಸೋಹವನ್ನೇ ಕೆಡಿಸುತ್ತದೆ. ದಾಸನಿಗೆ ಕೂಡಿಡುವ ಅಧಿಕಾರವಿಲ್ಲ.

ಬಿಸಿಯೂಟದ ಯೋಜನೆಗೆ ಸರ್ಕಾರ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿತು. 2002-03ರಲ್ಲಿ ಅದು ಆರಂಭವಾದ ಏಳು ಜಿಲ್ಲೆಗಳಲ್ಲಿ ಬೀದರ್ ಒಂದು. ಬಸವಕಲ್ಯಾಣದ ಶಾಲೆಯ ಮಗು ದಿನವೂ ಆಡುವ ಪದವಿದು. ನಿಘಂಟುಕಾರರಲ್ಲಿ ನನ್ನ ವಿನಂತಿ ಇಷ್ಟೆ: ದಾಸೋಹಕ್ಕೆ 'ನಾನು ದಾಸ' ಎಂಬುದನ್ನು ಮೊದಲ ಅರ್ಥವಾಗಿ ಕೊಡಿ, ಅನ್ನಸಂತರ್ಪಣೆಯನ್ನು ಎರಡನೆಯದಾಗಿ.