ಸ್ಟಾಕ್‌ಮನ್‌ನ ಎರಡು ಬೆರಳು

ಒಂದೇ ಪಾತ್ರವನ್ನು ವರ್ಷಗಟ್ಟಲೆ ಮಾಡುವ ನಟನಿಗೆ ಏನಾಗುತ್ತದೆ? 'ಸದಾರಮೆ'ಯ ಕಳ್ಳನಾಗಿ ಹೆಸರಾದ ಗುಬ್ಬಿ ವೀರಣ್ಣನವರ ನಾಡಿನವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಅದಕ್ಕೆ ತನ್ನ ಮೈಯಲ್ಲೇ ಉತ್ತರ ಹುಡುಕಿದವನು ರಷ್ಯಾದ ಸ್ತಾನಿಸ್ಲಾವ್‌ಸ್ಕಿ.

1900ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಇಬ್ಸೆನ್ನನ 'ಎನಿಮಿ ಆಫ್ ದಿ ಪೀಪಲ್' ಆಡಿತು. ಡಾಕ್ಟರ್ ಸ್ಟಾಕ್‌ಮನ್ ಪಾತ್ರ ಸ್ತಾನಿಸ್ಲಾವ್‌ಸ್ಕಿಯದು. ಮುಂದಕ್ಕೆ ಬಾಗಿದ ಮೈ, ಅವಸರದ ನಡಿಗೆ, ಮಾತಾಡುವಾಗ ಮುಂದೆ ಚಾಚುವ ಎರಡು ಬೆರಳು. 1901ರ ಮಾರ್ಚ್‌ನಲ್ಲಿ ಪೀಟರ್ಸ್‌ಬರ್ಗಿನ ಕಜಾನ್ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಏಟು ಬಿದ್ದ ದಿನ ಅಲ್ಲಿ ಪ್ರದರ್ಶನವಿತ್ತು. ತನ್ನ ಹರಿದ ಬಟ್ಟೆ ನೋಡಿ ಸ್ಟಾಕ್‌ಮನ್ ಆಡುವ ಮಾತಿಗೆ ಸಭೆ ಭುಗಿಲೆದ್ದಿತು. ಜನ ರಂಗದತ್ತ ನುಗ್ಗಿ ಅವನ ಕೈ ಹಿಡಿದರು.

1906ರಲ್ಲಿ ಫಿನ್‌ಲ್ಯಾಂಡಿನಲ್ಲಿ ವಿಶ್ರಾಂತಿಗಿದ್ದಾಗ ಅವನಿಗೆ ಹೊಳೆದದ್ದು ಬೇರೆಯೇ. ಬೆರಳುಗಳು ಈಗಲೂ ತಪ್ಪದೆ ಏಳುತ್ತಿದ್ದವು, ಆದರೆ ಅವುಗಳ ಹಿಂದೆ ಏನೂ ಉಳಿದಿರಲಿಲ್ಲ. ಹಿಂದೆ ಕಂಡ ಜನರ ನೆನಪಿನಿಂದ ಹುಟ್ಟಿದ ಚಹರೆಗಳವು. ನೆನಪು ಜಾರಿತ್ತು, ಸ್ನಾಯುವಿನ ರೂಢಿ ಮಾತ್ರ ನಿಂತಿತ್ತು. ಅವನ ನಟನಾ ಪದ್ಧತಿಯ ಬೇರು ಈ ಕಳವಳದಲ್ಲಿದೆ.

ಈ ಕಥೆ ನಮಗೆ ಸಿಗುವುದು ಅವನ ಆತ್ಮಕಥೆಯಲ್ಲಿ. ಅದು ಮೊದಲು ಇಂಗ್ಲಿಷಿನಲ್ಲಿ, ಅಮೆರಿಕದಲ್ಲಿ, 1924ರಲ್ಲಿ ಅಚ್ಚಾಯಿತು. ಹದಿನೆಂಟು ವರ್ಷದ ನಂತರ, ಪದ್ಧತಿಯೊಂದನ್ನು ಕಟ್ಟಿದ ಮೇಲೆ ಬರೆದವನು ದೋಷವನ್ನೂ ಪರಿಹಾರವನ್ನೂ ನಟನ ಒಳಗೇ ಹುಡುಕುವುದು ಸಹಜ. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಸಭಾಂಗಣವೂ ಕಾಣುತ್ತದೆ. 1901ರಲ್ಲಿ ಪಾತ್ರದ ಅರ್ಧ ಕಾವು ಪ್ರೇಕ್ಷಕರದಾಗಿತ್ತು. 1905ರ ಕ್ರಾಂತಿ ವಿಫಲವಾದ ಮೇಲೆ, 1906ರಲ್ಲಿ ತಂಡ ಆಡಿದ್ದು ಜರ್ಮನಿಯಲ್ಲಿ, ರಷ್ಯನ್ ಬಾರದವರ ಎದುರು. ಬರಿದಾದದ್ದು ನಟನೊಬ್ಬನೇ ಇರಲಾರ. ನಟರ ಆತ್ಮಕಥೆಗಳನ್ನು ಓದುವಾಗ ಎದುರು ಕೂತಿದ್ದವರು ಯಾರು ಎಂದೂ ಕೇಳಬೇಕು.

1928ರ ಅಕ್ಟೋಬರಿನಲ್ಲಿ, ಥಿಯೇಟರಿನ ಮೂವತ್ತನೇ ವರ್ಷದ ಸಮಾರಂಭದಂದು, ಚೆಕಾಫನ 'ಥ್ರೀ ಸಿಸ್ಟರ್ಸ್' ನಾಟಕದ ಅಂಕವೊಂದರಲ್ಲಿ ನಟಿಸುತ್ತಿದ್ದಾಗಲೇ ಅವನಿಗೆ ಹೃದಯಾಘಾತವಾಯಿತು. ಅಂಕ ಮುಗಿಸಿಯೇ ಒಳಗೆ ಹೋದ. ಮತ್ತೆ ನಟಿಸಲಿಲ್ಲ. 1938ರಲ್ಲಿ ತೀರಿಕೊಳ್ಳುವವರೆಗೆ ಪಾಠ ಹೇಳಿದ, ಬಹುಪಾಲು ಮನೆಯಲ್ಲೇ. ಕೊನೆಯ ವರ್ಷಗಳಲ್ಲಿ ಅವನು ಒತ್ತು ಕೊಟ್ಟದ್ದು ದೈಹಿಕ ಕ್ರಿಯೆಗೆ: ಮೊದಲು ಕೆಲಸ ಸರಿಯಾಗಿ ಮಾಡು, ಭಾವ ಹಿಂಬಾಲಿಸುತ್ತದೆ. ನೆನಪಿಲ್ಲದ ಬೆರಳು ಸತ್ತದ್ದು ಎಂದು ಒಮ್ಮೆ ಕಂಗೆಟ್ಟವನು, ಬೆರಳಿನಿಂದಲೇ ನೆನಪನ್ನು ಕರೆಯಬಹುದು ಎಂಬಲ್ಲಿಗೆ ಬಂದಿದ್ದ.