2015ರ ಜಪಾನ್ ಪ್ರಶಸ್ತಿ (ವಂಶವಾಹಿ ಚಿಕಿತ್ಸೆ)

2015ನೆಯ ಸಾಲಿನ ಜಪಾನ್ ಪ್ರಶಸ್ತಿಯನ್ನು ವೈದ್ಯವಿಜ್ಞಾನ ಮತ್ತು ಔಷಧವಿಜ್ಞಾನ ವಿಭಾಗದಲ್ಲಿ ಅಮೆರಿಕದ ಥಿಯೋಡೋರ್ ಫ್ರೀಡ್‌ಮನ್ ಹಾಗೂ ಫ್ರಾನ್ಸ್‌ನ ಅಲಾಂ ಫಿಶರ್ ಅವರಿಗೆ ಜಂಟಿಯಾಗಿ ನೀಡಲಾಯಿತು. ಜೀನ್ ಥೆರಪಿ ಎಂದೂ ಕರೆಯಲಾಗುವ ವಂಶವಾಹಿ ಚಿಕಿತ್ಸೆಯ ಪರಿಕಲ್ಪನೆಯನ್ನು ಮುಂದಿಟ್ಟದ್ದಕ್ಕಾಗಿ ಮತ್ತು ಅದನ್ನು ರೋಗಿಗಳಲ್ಲಿ ಸಾಧಿಸಿ ತೋರಿಸಿದ್ದಕ್ಕಾಗಿ ಈ ಗೌರವ ಸಂದಿತು.

ಪ್ರಶಸ್ತಿಯ ಹಿನ್ನೆಲೆ

ಜಪಾನ್ ಪ್ರಶಸ್ತಿಯು ವಿಜ್ಞಾನ ಮತ್ತು ತಂತ್ರಜ್ಞಾನ ಕ್ಷೇತ್ರದ ಪ್ರಮುಖ ಅಂತರರಾಷ್ಟ್ರೀಯ ಪುರಸ್ಕಾರಗಳಲ್ಲಿ ಒಂದು. ಉದ್ಯಮಿ ಕೊನೊಸುಕೆ ಮತ್ಸುಶಿತಾ ಅವರ ದೇಣಿಗೆಯಿಂದ ರೂಪುಗೊಂಡ ಈ ಪ್ರಶಸ್ತಿಯನ್ನು ಮೊದಲ ಬಾರಿಗೆ 1985ರಲ್ಲಿ ಪ್ರದಾನ ಮಾಡಲಾಯಿತು. ಪ್ರತಿವರ್ಷವೂ ಆಯ್ಕೆ ಸಮಿತಿಯು ಪುರಸ್ಕಾರಕ್ಕೆ ಅರ್ಹವಾದ ವಿಷಯಕ್ಷೇತ್ರಗಳನ್ನು ಮೊದಲು ಗೊತ್ತುಪಡಿಸುತ್ತದೆ. ಪ್ರಶಸ್ತಿಯು ಪ್ರಮಾಣಪತ್ರ, ಸ್ವರ್ಣಪದಕ ಮತ್ತು ಪ್ರತಿ ಕ್ಷೇತ್ರಕ್ಕೆ 5 ಕೋಟಿ ಯೆನ್ ನಗದನ್ನು ಒಳಗೊಂಡಿತ್ತು. 2015ರಲ್ಲಿ ಇನ್ನೊಂದು ವಿಭಾಗದ ಪ್ರಶಸ್ತಿಯು ನದಿಪಾತ್ರಗಳ ನಿರ್ವಹಣೆಯ ಕುರಿತ ಕಾರ್ಯಕ್ಕಾಗಿ ಜಪಾನಿನ ಯುತಾಕಾ ತಕಾಹಾಸಿ ಅವರಿಗೆ ದೊರೆಯಿತು.

ಥಿಯೋಡೋರ್ ಫ್ರೀಡ್‌ಮನ್

1935ರಲ್ಲಿ ವಿಯೆನ್ನಾದಲ್ಲಿ ಜನಿಸಿದ ಫ್ರೀಡ್‌ಮನ್ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದರು. 1972ರಲ್ಲಿ ಅವರು ರಿಚರ್ಡ್ ರಾಬ್ಲಿನ್ ಅವರೊಂದಿಗೆ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ಕ್ಷೇತ್ರದ ಮೂಲ ದಾಖಲೆಯೆಂದು ಪರಿಗಣಿತವಾಗಿದೆ. ದೋಷಯುಕ್ತ ವಂಶವಾಹಿಯಿಂದ ಉಂಟಾಗುವ ಕಾಯಿಲೆಗಳಿಗೆ ಸರಿಯಾದ ವಂಶವಾಹಿಯನ್ನೇ ಔಷಧವಾಗಿ ಬಳಸಬಹುದೆಂದು ಲೇಖಕರು ಅದರಲ್ಲಿ ಪ್ರತಿಪಾದಿಸಿದರು. ಆದರೆ ಜ್ಞಾನ ಇನ್ನೂ ಅಪೂರ್ಣವಾಗಿರುವುದರಿಂದ ಸದ್ಯಕ್ಕೆ ಮನುಷ್ಯರ ಮೇಲೆ ಪ್ರಯೋಗ ನಡೆಸಬಾರದೆಂದೂ, ಮೊದಲು ನೈತಿಕ ಹಾಗೂ ವೈಜ್ಞಾನಿಕ ಮಾನದಂಡಗಳು ರೂಪುಗೊಳ್ಳಬೇಕೆಂದೂ ಅದೇ ಲೇಖನದಲ್ಲಿ ಎಚ್ಚರಿಸಿದರು. ಅದಕ್ಕೆ ಸ್ವಲ್ಪ ಮೊದಲು, ಆನುವಂಶಿಕ ಕಾಯಿಲೆಯಿಂದ ಬಳಲುತ್ತಿದ್ದ ಜರ್ಮನಿಯ ಸಹೋದರಿಯರಿಗೆ ಮೊಲದ ವೈರಾಣುವೊಂದನ್ನು ನೀಡಿದ ಪ್ರಯತ್ನ ವಿಫಲವಾಗಿತ್ತು.

1983ರಲ್ಲಿ ಫ್ರೀಡ್‌ಮನ್, ಭಾರತ ಮೂಲದ ವಿಜ್ಞಾನಿ ಇಂದರ್ ವರ್ಮಾ ಮತ್ತು ಸಹೋದ್ಯೋಗಿಗಳು ರೆಟ್ರೊವೈರಾಣುವನ್ನು ವಾಹಕವನ್ನಾಗಿಸಿ, ಲೆಶ್-ನೈಹಾನ್ ಕಾಯಿಲೆಯವರಲ್ಲಿ ಕೆಲಸ ಮಾಡದಿರುವ ಎಚ್‌ಪಿಆರ್‌ಟಿ ವಂಶವಾಹಿಯನ್ನು ರೋಗಿಗಳಿಂದ ಪಡೆದ ಜೀವಕೋಶಗಳಿಗೆ ಪ್ರಯೋಗಾಲಯದಲ್ಲಿ ಸೇರಿಸಿದರು.

ಅಲಾಂ ಫಿಶರ್

1949ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದ ಫಿಶರ್ ಅವರು ಅಲ್ಲಿನ ನೆಕೆರ್ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ರೋಗನಿರೋಧಕ ವ್ಯವಸ್ಥೆಯ ತಜ್ಞರಾಗಿದ್ದರು. ಅವರು ಕೈಗೆತ್ತಿಕೊಂಡ ಕಾಯಿಲೆಯು ಎಕ್ಸ್ ವರ್ಣತಂತುವಿಗೆ ಸಂಬಂಧಿಸಿದ ತೀವ್ರ ಸಂಯುಕ್ತ ರೋಗನಿರೋಧಕ ಕೊರತೆ. ಇದು ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ; ಚಿಕಿತ್ಸೆ ದೊರೆಯದಿದ್ದರೆ ಸಾಮಾನ್ಯ ಸೋಂಕುಗಳಿಂದಲೇ ಶಿಶುಗಳು ಸಾವನ್ನಪ್ಪುತ್ತವೆ. ಹೊಂದಾಣಿಕೆಯಾಗುವ ದಾನಿಯ ಅಸ್ಥಿಮಜ್ಜೆ ಎಲ್ಲರಿಗೂ ಸಿಗುವುದಿಲ್ಲ.

1999ರಲ್ಲಿ ಫಿಶರ್, ಮರೀನಾ ಕವಾಜಾನಾ ಮತ್ತು ಅವರ ತಂಡವು ಮಗುವಿನದೇ ಅಸ್ಥಿಮಜ್ಜೆಯ ಕೋಶಗಳನ್ನು ಹೊರತೆಗೆದು, ವೈರಾಣು ವಾಹಕದ ಮೂಲಕ ಸರಿಯಾದ ವಂಶವಾಹಿಯನ್ನು ಸೇರಿಸಿ, ಮತ್ತೆ ದೇಹಕ್ಕೆ ಮರಳಿಸುವ ಪ್ರಯೋಗವನ್ನು ಆರಂಭಿಸಿತು. 2000ದಲ್ಲಿ ಮೊದಲ ಇಬ್ಬರು ಶಿಶುಗಳ ಫಲಿತಾಂಶ ಪ್ರಕಟವಾಯಿತು. ಅವರಲ್ಲಿ ರೋಗನಿರೋಧಕ ಕೋಶಗಳು ಬೆಳೆದು, ಆಸ್ಪತ್ರೆಯ ರಕ್ಷಿತ ಕೊಠಡಿಯಿಂದ ಮನೆಗೆ ತೆರಳುವುದು ಸಾಧ್ಯವಾಗಿತ್ತು.

ಸುರಕ್ಷತೆಯ ಪ್ರಶ್ನೆ

2002ರಲ್ಲಿ ಚಿಕಿತ್ಸೆ ಪಡೆದ ಮಗುವೊಂದರಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು; ಪ್ರಯೋಗವನ್ನು ತಡೆಹಿಡಿಯಲಾಯಿತು. ಕಾಲಕ್ರಮೇಣ ಪ್ಯಾರಿಸ್ ಪ್ರಯೋಗದ ನಾಲ್ವರು ಮಕ್ಕಳು ಈ ರೋಗಕ್ಕೆ ತುತ್ತಾಗಿ, ಒಬ್ಬ ಮೃತಪಟ್ಟನು. ಉಳಿದ ಮೂವರು ಕ್ಯಾನ್ಸರ್ ಚಿಕಿತ್ಸೆಯಿಂದ ಚೇತರಿಸಿಕೊಂಡರು. ವಾಹಕವು ಎಲ್‌ಎಂಒ2ನಂತಹ, ಕೋಶಗಳ ಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿಗಳ ಬಳಿ ಸೇರಿಕೊಂಡು ಅವುಗಳನ್ನು ಚುರುಕುಗೊಳಿಸಿದ್ದೇ ಇದಕ್ಕೆ ಕಾರಣವೆಂದು ತಂಡವೇ ಪತ್ತೆಹಚ್ಚಿ ಪ್ರಕಟಿಸಿತು. ಬಳಿಕ, ನೆರೆಯ ವಂಶವಾಹಿಗಳನ್ನು ಪ್ರಚೋದಿಸುವ ಭಾಗವನ್ನು ತೆಗೆದುಹಾಕಿದ ವಾಹಕಗಳನ್ನು ರೂಪಿಸಲಾಯಿತು. ಅಂತಹ ವಾಹಕದಿಂದ ಚಿಕಿತ್ಸೆ ಪಡೆದ ಒಂಬತ್ತು ಮಕ್ಕಳ ವರದಿ 2014ರಲ್ಲಿ ಪ್ರಕಟವಾಯಿತು. ಅದರಂತೆ ಎಂಟು ಮಕ್ಕಳು ಬದುಕುಳಿದಿದ್ದು, ಅಲ್ಲಿಯವರೆಗೆ ಯಾರಲ್ಲೂ ರಕ್ತದ ಕ್ಯಾನ್ಸರ್ ಕಂಡುಬಂದಿರಲಿಲ್ಲ.

ಮಹತ್ವ

ಲೇಖನ ಪ್ರಕಟವಾಗಿ 43 ವರ್ಷಗಳ ನಂತರ ಬಂದ ಈ ಪ್ರಶಸ್ತಿಯು ಪರಿಕಲ್ಪನೆ ಮತ್ತು ಅದರ ಚಿಕಿತ್ಸಾ ನಿದರ್ಶನಗಳೆರಡನ್ನೂ ಒಟ್ಟಿಗೆ ಗುರುತಿಸಿತು. 1972ರ ಎಚ್ಚರಿಕೆ ಎಷ್ಟು ಅಗತ್ಯವಾಗಿತ್ತೆಂಬುದನ್ನು ಪ್ಯಾರಿಸ್‌ನ ಅನುಭವ ತೋರಿಸಿಕೊಟ್ಟಿತು. ಆ ಹಿನ್ನಡೆಯಿಂದ ಕಲಿತ ಪಾಠವೇ ಸುರಕ್ಷಿತ ವಾಹಕಗಳಿಗೆ ದಾರಿಯಾಯಿತು. ಪ್ರಶಸ್ತಿ ಘೋಷಣೆಯ ಮರುವರ್ಷವೇ, 2016ರಲ್ಲಿ, ರೋಗನಿರೋಧಕ ಕೊರತೆಯ ಇನ್ನೊಂದು ಬಗೆಗೆ ಸ್ಟ್ರಿಮ್ವೆಲಿಸ್ ಎಂಬ ವಂಶವಾಹಿ ಚಿಕಿತ್ಸೆಯು ಯುರೋಪಿನಲ್ಲಿ ಅನುಮೋದನೆ ಪಡೆಯಿತು. 2017ರಲ್ಲಿ ಆನುವಂಶಿಕ ಅಂಧತ್ವದ ಒಂದು ಬಗೆಗೆ ಲಕ್ಸ್‌ಟರ್ನಾ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು.